ಖಾಲಿ ಕುರ್ಚಿಯ ಅಳತೆ

"ಸ್ಪ್ರಿಂಗ್ ಬದಲಾಯಿಸಿ ಕಾರು ತಗ್ಗಿಸಿ ಕೊಡ್ತೀರಂತಲ್ಲ, ನಮ್ಮದಕ್ಕೂ ಮಾಡಿಕೊಡಿ" ಎಂದು ಅರವತ್ತು ದಾಟಿದ ದರ್ಜಿ ಕೇಳಿದಾಗ ಮೆಕ್ಯಾನಿಕ್‌ಗೆ ನಗು ತಡೆಯಲಾಗಲಿಲ್ಲ. ಆ ಕೆಲಸಕ್ಕೆ ಅವನ ಶೆಡ್ಡಿಗೆ ಬರುವವರೆಲ್ಲ ಆಗಷ್ಟೇ ಮೀಸೆ ಚಿಗುರಿದವರು. ಕಾರು ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು ಓಡಿದರೆ ಅವರಿಗೆ ಅದೇ ಸ್ವರ್ಗ. ಈ ಮನುಷ್ಯನೋ ಕೊರಳಿನ ಅಳತೆ ಟೇಪನ್ನೂ ತೆಗೆಯಲು ಮರೆತು ಬಂದಿದ್ದ. ಬಾಗಿಲಲ್ಲಿ ಅವನ ಪುಟ್ಟ ಬೂದು ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ತಲೆ ಒರಗಿಸಿ ನಿದ್ದೆ ಹೋದಂತೆ ಕೂತಿದ್ದಳು.

"ಏನ್ ಮಾಸ್ಟ್ರೇ, ಈ ವಯಸ್ಸಲ್ಲಿ ರೇಸಿಗೆ ಇಳೀತೀರಾ?"

ದರ್ಜಿ ನಗಲಿಲ್ಲ. "ಮೂರು ಸೆಂಟಿಮೀಟರ್ ತಗ್ಗಬೇಕು. ಅಳೆದಿದ್ದೀನಿ" ಎಂದು ಜೇಬಿನಿಂದ ಚೀಟಿ ತೆಗೆದ. ಕಾರಿನ ಸೀಟಿನ ಎತ್ತರ, ಗಾಲಿಕುರ್ಚಿಯ ಎತ್ತರ, ಕೆಳಗೆ ಗೆರೆ ಎಳೆದು ಕಳೆದ ಲೆಕ್ಕ. ಎರಡು ವರ್ಷದ ಹಿಂದೆ ಹೆಂಡತಿ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದಳು. ವಾರಕ್ಕೆ ಮೂರು ಸಲ ಆಸ್ಪತ್ರೆ. ಕುರ್ಚಿಗೂ ಸೀಟಿಗೂ ನಡುವೆ ಹಲಗೆಯಿಟ್ಟು ಅವನೇ ಅವಳನ್ನು ಒಳಕ್ಕೆ ಜಾರಿಸುತ್ತಿದ್ದ. ಸೀಟು ಎತ್ತರ, ಹಲಗೆ ಏರು; ಜಾರಿಸುವುದೆಂದರೆ ಎತ್ತುವುದೇ ಆಗಿತ್ತು. ಹೋದ ತಿಂಗಳು ಅವನಿಗೆ ಹರ್ನಿಯಾ ಆಪರೇಷನ್ ಆಯಿತು. ಇನ್ನು ಭಾರ ಎತ್ತಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು.

"ಇವತ್ತೇನೋ ಪಕ್ಕದ ಮನೆಯವರು ಕೂರಿಸಿಕೊಟ್ರು. ಪ್ರತಿ ಸಲ ಯಾರು ಬರ್ತಾರೆ? ಮಗಳು ಆಗ್ಲೇ ಆರೈಕೆ ಕೇಂದ್ರದಲ್ಲಿ ಅವಳಿಗೆ ಹಾಸಿಗೆ ನೋಡಿಟ್ಟಿದ್ದಾಳೆ. ಹಲಗೆ ಸಮ ಕೂತ್ರೆ ನಾನೊಬ್ಬನೇ ಸಾಕು. ಕೂರದಿದ್ರೆ ಅವಳು ಅಲ್ಲಿಗೆ ಹೋಗ್ಬೇಕು."

ಆಡಿದ ಮಾತಿಗೆ ಮೆಕ್ಯಾನಿಕ್ ನಾಲಿಗೆ ಕಚ್ಚಿಕೊಂಡ. "ಕುರ್ಚೀನೇ ಒಂಚೂರು ಎತ್ತರ ಮಾಡಿಸಬಹುದಲ್ವಾ?"

"ಮಂಚ, ಮೇಜು, ಬಚ್ಚಲಿನ ಕಟ್ಟೆ, ಎಲ್ಲಾನೂ ಆ ಕುರ್ಚಿಗೆ ಸರಿಯಾಗಿ ಮಾಡಿಸಿದ್ದೀನಿ. ಉಳಿದಿರೋದು ಕಾರೊಂದೇ."

ಮೆಕ್ಯಾನಿಕ್ ಎರಡು ಬಗೆಯ ಸ್ಪ್ರಿಂಗ್ ತಂದು ಬೆಂಚಿನ ಮೇಲಿಟ್ಟ. "ಇದು ಮೂರು ಸೆಂಟಿಮೀಟರಿಂದು. ಕಾರು ಸ್ವಲ್ಪ ಬಿಗಿಯಾಗುತ್ತೆ, ತಡ್ಕೋಬಹುದು. ಇನ್ನೊಂದು ಐದರದು. ಅದರ ತಂಟೆಗೆ ಹೋಗ್ಬೇಡಿ. ಕಲ್ಲಿನ ಮೇಲೆ ಕೂತ ಹಾಗಿರುತ್ತೆ, ದಾರೀಲಿರೋ ಗುಂಡಿಗಳೆಲ್ಲ ನೆಟ್ಟಗೆ ಬೆನ್ನಿಗೇ ಬರ್ತವೆ." ದರ್ಜಿ ಮೂರರದನ್ನು ಎತ್ತಿಕೊಂಡ. ಅವನ ಮುಖದಲ್ಲಿ ಆಗ ಮೊದಲ ಬಾರಿ ಸ್ವಲ್ಪ ಗೆಲುವು ಕಂಡಿತು. ಆದರೆ ಯಾರನ್ನಾದರೂ ಕೂರಿಸದೆ ಯಾವ ಅಳತೆಯನ್ನೂ ನಂಬದಿರುವುದು ಮೆಕ್ಯಾನಿಕ್‌ನ ಹಳೆಯ ಪದ್ಧತಿ. ಸುಮ್ಮನಿರಲಾಗದೆ ಕೇಳಿಯೇಬಿಟ್ಟ.

"ಕುರ್ಚಿ ಅಳೆದಾಗ ಅಮ್ಮ ಅದರಲ್ಲಿ ಕೂತಿದ್ರಾ?"

"ಇಲ್ಲ. ಅವಳು ಮಲಗಿದ್ದಾಗ ಅಳೆದೆ. ಟೇಪು ಹಿಡ್ಕೊಂಡು ಅವಳ ಸುತ್ತ ಓಡಾಡಿದ್ರೆ, ಎಲ್ಲಾ ನನ್ನಿಂದಾನೇ ಅಂತ ಅಳೋಕೆ ಶುರು ಮಾಡ್ತಾಳೆ."

ನಲವತ್ತು ವರ್ಷ ಜನರನ್ನು ಎದುರಿಗೆ ನಿಲ್ಲಿಸಿಕೊಂಡು ಮೈ ಅಳೆದವನು ಖಾಲಿ ಕುರ್ಚಿ ಅಳೆದು ಬಂದಿದ್ದ. ಡಿಕ್ಕಿಯಿಂದ ಕುರ್ಚಿಯ ಮೇಲೆ ಹಾಸುವ ದಿಂಬು ತಂದು ಬೆಂಚಿನ ಮೇಲಿಟ್ಟು, ಎರಡೂ ಅಂಗೈಯಿಂದ ಒತ್ತಿದ. ಅವಳ ಭಾರ ಎಷ್ಟೆಂದು ಅವನ ಕೈಗಳಿಗೆ ಗೊತ್ತಿತ್ತು. ಮೆಕ್ಯಾನಿಕ್ ಪಕ್ಕದಲ್ಲಿ ಟೇಪು ಹಿಡಿದು ನೋಡಿದ. ದಿಂಬು ಸರಿಯಾಗಿ ಎರಡು ಸೆಂಟಿಮೀಟರ್ ಕುಸಿದಿತ್ತು. ಅವಳು ಕೂತಾಗ ಕುರ್ಚಿ ಅಷ್ಟು ತಗ್ಗುತ್ತಿತ್ತು; ಬೇಕಾಗಿದ್ದದ್ದು ಮೂರಲ್ಲ, ಐದು.

"ಮೂರರದೇ ಹಾಕಿ" ಎಂದ ದರ್ಜಿ. "ಈಗ್ಲೇ ರಸ್ತೆ ಉಬ್ಬು ಬಂದಾಗೆಲ್ಲ ಉಸಿರು ಬಿಗಿ ಹಿಡೀತಾಳೆ. ಕೇಳಿದ್ರೆ ಆಕಳಿಕೆ ಬಂತು ಅಂತಾಳೆ. ಉಳಿದ ಎರಡು ಸೆಂಟಿಮೀಟರ್ ನಾನು ಎತ್ಕೋತೀನಿ."

"ಹಾಕಿರೋ ಹೊಲಿಗೆ ಬಿಚ್ಕೊಳ್ಳುತ್ತೆ ಮಾಸ್ಟ್ರೇ."

"ಬಿಚ್ಕೊಳ್ಳಲಿ" ಎಂದವನೇ ಖಾಲಿ ಬಾಟಲಿ ಹಿಡಿದು ಶೆಡ್ಡಿನ ಹಿಂದಿದ್ದ ನಲ್ಲಿಯ ಕಡೆ ನಡೆದ.

"ಇಲ್ಲಿ ಬಾಪ್ಪ" ಎಂಬ ಸಣ್ಣ ದನಿ ಕೇಳಿ ಮೆಕ್ಯಾನಿಕ್ ತಿರುಗಿದ. ಕಾರಿನ ಕಿಟಕಿಯ ಗಾಜು ಪೂರ್ತಿ ಇಳಿದಿತ್ತು. ಹತ್ತಿರ ಹೋದ.

"ಐದರದೇ ಹಾಕು" ಎಂದಳು ಅವಳು. "ಸೊಂಟದಿಂದ ಕೆಳಗೆ ನನಗೆ ಏನೂ ಗೊತ್ತಾಗಲ್ಲ, ಎಷ್ಟು ಬಿಗಿ ಇದ್ರೂ ನಡೆಯುತ್ತೆ ಅಂತ ಅವರಿಗೆ ಹೇಳು."

"ಸೊಂಟದಿಂದ ಮೇಲೆ, ಅಮ್ಮಾ?"

ಅವಳು ಸೆರಗು ಸರಿಮಾಡಿಕೊಂಡಳು. ಮೆಕ್ಯಾನಿಕ್‌ಗೆ ಸಂಕಟವಾಯಿತು. "ನೀವೇ ಹೇಳಬಹುದಲ್ಲಮ್ಮ."

"ನಾನು ಹೇಳಿದ್ರೆ ಅವರು ನನ್ನ ಮುಖ ನೋಡ್ತಾರೆ. ನೀನು ಹೇಳಪ್ಪ, ನಿನಗೆ ಕೈ ಮುಗೀತೀನಿ. ನನ್ನನ್ನ ಅಲ್ಲಿಗೆ ಕಳಿಸೋ ಹಾಗೆ ಮಾಡ್ಬೇಡ."

ದರ್ಜಿ ನೀರು ತುಂಬಿಸಿಕೊಂಡು ಬಂದಾಗ ಮೆಕ್ಯಾನಿಕ್ ಐದರ ಸ್ಪ್ರಿಂಗನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಒರೆಸುವಷ್ಟು ಧೂಳೇನೂ ಅದರ ಮೇಲಿರಲಿಲ್ಲ. "ಅಮ್ಮನ್ನ ಕೇಳ್ದೆ ಮಾಸ್ಟ್ರೇ" ಎಂದ ತಲೆಯೆತ್ತದೆ. "ಅವರಿಗೆ ಏನೂ ಗೊತ್ತಾಗಲ್ವಂತೆ. ಎಷ್ಟು ಬಿಗಿ ಇದ್ರೂ ನಡೆಯುತ್ತಂತೆ."

ದರ್ಜಿ ಕಾರಿನ ಕಡೆ ತಿರುಗಿದ. ಅವಳು ಆಚೆ ರಸ್ತೆಯನ್ನು ನೋಡುತ್ತಿದ್ದಳು. ಅವನು ಬಾಟಲಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡಿದ.

"ಸರಿ, ಅದನ್ನೇ ಹಾಕಿ" ಎಂದ. ಆಮೇಲೆ ಅವಳಿಗೆ ಕೇಳಿಸದಂತೆ ದನಿ ತಗ್ಗಿಸಿದ. "ನಾನು ನಂಬಿದೆ ಅಂತ ಅವಳಿಗೆ ಹೇಳಿಬಿಡಿ."