ನೊರೆಯಲ್ಲಿ ಉಳಿದ ಹೆಪ್ಪು

ನೆವೆನಾ ಬಟ್ಟಲನ್ನು ಓರೆ ಮಾಡಿದಳು. ಹಾಲು ಇನ್ನೂ ತುಳುಕುತ್ತಿತ್ತು.

"ಎಷ್ಟು ಸಲ ಇಣುಕ್ತೀಯೆ ಹುಡುಗಿ? ಹಾಲಿಗೂ ನಾಚಿಕೆ ಆಗುತ್ತೆ," ಎಂದರು ಪ್ಲೋವ್ದಿವ್ ಊರಿನ ಡೈರಿ ಪ್ರಯೋಗಾಲಯದಲ್ಲಿ ಅವಳ ಹಿರಿಯ ಸಹೋದ್ಯೋಗಿಯಾದ ಸ್ತೊಯಾಂಕಾ.

ನೆವೆನಾಳ ಅಮ್ಮ ತೀರಿಕೊಂಡು ನಾಳೆಗೆ ನಲವತ್ತು ದಿನ. ಅಲ್ಲಿನ ರೂಢಿಯಂತೆ ಅವಳ ಹೆಸರಿನಲ್ಲಿ ಅವಳದೇ ಮೊಸರು ಹಂಚಬೇಕು. ಅವಳ ಮಡಕೆಯಲ್ಲಿ ಉಳಿದಿದ್ದ ಹೆಪ್ಪಿನಲ್ಲಿ ಅರ್ಧವನ್ನು, ಕೆಡದಿರಲೆಂದು, ನೆವೆನಾ ಹಾಗೆಯೇ ಹಿಮಗಟ್ಟಿಸಿ ಒಣಗಿಸಿದ್ದಳು. ಆ ಪುಡಿಯಲ್ಲಿ ಮೊಸರಿನ ಸೂಕ್ಷ್ಮಜೀವಿಗಳು ಉಳಿಯಲಿಲ್ಲ. ಇನ್ನರ್ಧಕ್ಕೆ ಸ್ತೊಯಾಂಕಾ ಮೊಟ್ಟೆಯ ಬಿಳಿ ಬೆರೆಸಿ, ನೊರೆ ಬರುವಂತೆ ಕಡೆದು, ಆಮೇಲೆ ಹಿಮಗಟ್ಟಿಸಿ ಒಣಗಿಸಿದ್ದರು. "ನೊರೆ ಬೇಗ ಒಣಗುತ್ತೆ. ಪಾಪ, ಒಳಗಿರೋವಕ್ಕೂ ಅಷ್ಟು ನೋವಾಗಲ್ಲ," ಎಂದಿದ್ದರು. ಆ ಪುಡಿಯೇ ಈಗ ಹಾಲಿನಲ್ಲಿತ್ತು.

ಸಂಜೆಗೆ ಹಾಲು ಗಟ್ಟಿಯಾಗಿತ್ತು. ಸ್ತೊಯಾಂಕಾ ಒಂದು ಚಮಚ ತಿಂದು, "ದೇವ್ರು ಅವಳನ್ನ ಕ್ಷಮಿಸ್ಲಿ," ಎಂದರು. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತಿಂದವರು ಹೇಳುವ ಮಾತು ಅದು. ಇಷ್ಟು ದಿನ ಆ ಮಾತು ಕಿವಿಗೆ ಬಿದ್ದಾಗಲೆಲ್ಲ, ಅಮ್ಮ ಇನ್ನಿಲ್ಲವೆಂದು ಒಪ್ಪಲಾಗದೆ, ನೆವೆನಾ ಎದ್ದು ಹೋಗುತ್ತಿದ್ದಳು.

ಈಗ ಅವಳೂ ಒಂದು ಚಮಚ ಬಾಯಿಗಿಟ್ಟಳು. ಅಮ್ಮನದೇ ಹುಳಿ. ಮಗಳು ತಿಂದಳೋ ಇಲ್ಲವೋ ಎಂದು ಯಾರೋ ಬೆನ್ನ ಹಿಂದೆ ನಿಂತು ನೋಡುತ್ತಿರುವಂತೆ ಅನಿಸಿತು. ನೆವೆನಾ ತಿರುಗಿ ನೋಡದೆ, ಮೆಲ್ಲಗೆ, ಆ ಮಾತನ್ನೇ ಹೇಳಿದಳು.