ಮಾಶಾಕನ ಮದುವೆ ಕುದುರೆ

ಕಪ್ಪತಗುಡ್ಡದ ಅರ್ಧ ಏರಿನಲ್ಲಿ ಕುದುರೆ ನಿಂತುಬಿಟ್ಟಿತು. ಮಾಶಾಕ ಲಗಾಮು ಜಗ್ಗಿದ, ಬೆನ್ನು ಚಪ್ಪರಿಸಿದ, ಅದರ ಅಪ್ಪ ಅಜ್ಜನನ್ನೆಲ್ಲ ನೆನೆಸಿದ. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ದಾರಿಯ ಬದಿಗೆ ಹುಲ್ಲಿನ ಹೊರೆ ಇಳಿಸಿ ಸಾಲಾಗಿ ನಿಂತಿದ್ದ ನಾಲ್ವರು ಹೆಣ್ಣುಮಕ್ಕಳನ್ನು ನೋಡುತ್ತ, ಎಲೆ ಹಾಕುವುದನ್ನೇ ಕಾಯುವ ಬೀಗರ ಹಾಗೆ ಗಂಭೀರವಾಗಿ ನಿಂತಿತ್ತು.

ಮೇಲೆ ಕುಳಿತವಳು ಯಮುನಾ. ಇಪ್ಪತ್ತೊಂದು ವಯಸ್ಸು, ಬರಿಯ ಹಣೆ. ಗಂಡ ತೀರಿಕೊಂಡು ಐದು ವರ್ಷ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮರುವರ್ಷವೇ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ ಅವಳಿಗೆ ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ನೌಕರಿ ಸಿಕ್ಕಿತ್ತು. ಅವಳನ್ನು ಅಲ್ಲಿ ಬಿಟ್ಟುಬರಲು ಅಪ್ಪ ಶ್ರೀಪಾದರಾಯರು, ಅವ್ವ ಜಾನಕೀಬಾಯಿ ಶಿರಹಟ್ಟಿಯಿಂದ ಸವಾರಿ ಬಂಡಿ ಕಟ್ಟಿಸಿಕೊಂಡು ಹೊರಟಿದ್ದರು. ಬಂಡಿಯೇ ಎರಡು ದಿನದ ಮನೆ. ಕಮಾನಿನ ಕೆಳಗೆ ಹಾಸಿಗೆ, ಒಲೆ, ಉಪ್ಪಿನಕಾಯಿಯ ಭರಣಿ. ನೆರಳು ಕಂಡಲ್ಲಿ ಅಡುಗೆ. ಹೋಗುವ ದಾರಿಯಲ್ಲಿ ಗುಡ್ಡದ ಮಲ್ಲಯ್ಯನಿಗೆ ಕೈಮುಗಿಯಲೇಬೇಕೆಂದು ಹಟ ಹಿಡಿದವಳು ಜಾನಕೀಬಾಯಿ. ಗುಡ್ಡದ ಬುಡದಲ್ಲಿ ಬಂಡಿ ಇಳಿಯುವಾಗ ಯಮುನೆಯ ಕಾಲು ಉಳುಕಿತು. ರಾಯರು ಅಲ್ಲಿಯ ಊರೊಳಗೆ ಹೋಗಿ, ಬಲು ಸಾಧು ಕುದುರೆ ಸಿಕ್ಕಿತೆಂದು ಹಿಗ್ಗುತ್ತ ಮಾಶಾಕನನ್ನು ಕರೆತಂದರು. ಅದು ಯಾಕೆ ಅಷ್ಟು ಸಾಧು ಎಂದು ಮಾತ್ರ ಕೇಳಲಿಲ್ಲ.

"ಏನಾಗ್ಯದೋ ಇದಕ್ಕ? ಹಸಿವ್ಯಾಗ್ಯದೇನು?" ಎಂದರು ರಾಯರು.

"ಹಸಿವಲ್ರಿ ರಾಯರ." ಮಾಶಾಕ ತಲೆ ಕೆರೆದುಕೊಂಡ. "ಇದು ಮದುವಿ ಕುದ್ರಿ. ಹನ್ನೊಂದು ವರ್ಷ ಆತು, ಮದುಮಗನ್ನ ಹೊರೂದೊಂದ ಇದರ ಕೆಲಸ. ಹೆಣ್ಮಕ್ಳು ಸಾಲಾಗಿ ನಿಂತದ್ದು ಕಂಡ್ರ ನಿಂದರತೈತಿ. ಆರತಿ ಬೆಳಗೂತನಕ ಕಾಲು ಎತ್ತಂಗಿಲ್ಲ."

"ಇಲ್ಲಿ ಎಲ್ಲಿ ಮೆರವಣಿಗಿ ಕಂಡಿತೋ ಮಾರಾಯ?"

"ಅದಕ್ಕೇನ ತಿಳಿತೈತ್ರಿ. ಸಂಸ್ಥಾನ ಹೋದ ಖಬರನ ಅದಕ್ಕ ಇನ್ನೂ ಮುಟ್ಟಿಲ್ಲ."

ಹುಲ್ಲಿನ ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಅವರಲ್ಲಿ ಒಬ್ಬಳು ಯಮುನೆಯ ಹಣೆ ನೋಡಿ ನಗು ನುಂಗಿಕೊಂಡಳು. ಹೊರೆ ಎತ್ತಿಕೊಂಡು ನಾಲ್ವರೂ ಸರಸರನೆ ಕೆಳಗಿಳಿದು ಹೋದರು. ಆದರೂ ಕುದುರೆ ಕದಲಲಿಲ್ಲ. ಅದಕ್ಕೆ ಬರಬೇಕಾದ ಮರ್ಯಾದೆ ಇನ್ನೂ ಬಂದಿರಲಿಲ್ಲ.

"ನಾ ಇಳೀತೀನಿ ಅವ್ವಾ. ಕುಂಟಕೋತ ಬರ್ತೀನಿ," ಎಂದಳು ಯಮುನಾ ಸಣ್ಣ ದನಿಯಲ್ಲಿ.

ಆ ದನಿ ಜಾನಕೀಬಾಯಿಯ ಎದೆಗೆ ನಾಟಿತು. ನಿನ್ನೆ ಬೆಳಿಗ್ಗೆಯೂ ಮಗಳು ಹೀಗೆಯೇ, ಇದೇ ದನಿಯಲ್ಲಿ ಹೂಂ ಅಂದಿದ್ದಳು. ಓಣಿಯ ಮುತ್ತೈದೆಯರು ಅಂಗಳದಲ್ಲಿ ನಿಂತಿದ್ದರು. ಹೊರಡುವ ಹೊತ್ತಿಗೆ ವಿಧವೆ ಎದುರಾದಳೆಂದು ಯಾರೂ ಆಡಿಕೊಳ್ಳಬಾರದು ಎಂದು ಜಾನಕೀಬಾಯಿಯೇ ಅವಳನ್ನು ಹಿತ್ತಿಲ ಬಾಗಿಲಿನಿಂದ ಕಳಿಸಿದ್ದಳು. ಓಣಿಯಲ್ಲಿ ಮೊದಲು ನೌಕರಿಗೆ ಹೊರಟ ಹುಡುಗಿ ತಿಪ್ಪೆ ಬಳಸಿಕೊಂಡು ಬಂದು ಬಂಡಿ ಹತ್ತಿದ್ದಳು. ಮಾಡಿದ್ದು ಸರಿಯೆಂದು ಜಾನಕೀಬಾಯಿ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು. ಹಾಗೆ ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪಿರಲಿಲ್ಲ.

"ಬಾಯಾರ, ನಿಮ್ಮ ತಾಟಿನ್ಯಾಗ ದೀಪ ಐತಲ್ರಿ," ಎಂದ ಮಾಶಾಕ, ಜಾನಕೀಬಾಯಿಯ ಕೈಯಲ್ಲಿದ್ದ ಪೂಜೆಯ ತಾಟು ನೋಡಿ. "ಒಂದ ಸುತ್ತು ಬೆಳಗಿಬಿಡ್ರಿ, ತಾನ ನಡಿತೈತಿ." ಹೇಳಿದ ಬಳಿಕ ಕುದುರೆಯ ಮೇಲೆ ಕುಳಿತವಳ ನೆನಪಾಗಿ ನಾಲಿಗೆ ಕಚ್ಚಿಕೊಂಡ. ರಾಯರು ಗುಡ್ಡದ ತುದಿಯ ಕಡೆ ನೋಡಿದರು.

"ಕುದ್ರಿಗೆ ಬೆಳಗ್ತೀನಿ," ಎಂದಳು ಜಾನಕೀಬಾಯಿ. "ಕುದ್ರಿಗಷ್ಟ," ಎಂದು ಸೇರಿಸಿದಳು. ಯಾರಿಗೆ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಮಲ್ಲಯ್ಯನಿಗೆಂದು ತಂದ ಬತ್ತಿಗೆ ಮಾಶಾಕ ತನ್ನ ಬೀಡಿಯ ಕಡ್ಡಿ ಗೀರಿ ಕೊಟ್ಟ. ಗಾಳಿಗೆ ಆರದಂತೆ ರಾಯರು ಶಲ್ಯ ಹಿಡಿದರು. ಜಾನಕೀಬಾಯಿ ತಾಟನ್ನು ಕುದುರೆಯ ಎದೆಮಟ್ಟಕ್ಕೇ ಹಿಡಿದಳು, ಅದಕ್ಕಿಂತ ಒಂದು ಬೆರಳು ಮೇಲಕ್ಕೆ ಎತ್ತಲಿಲ್ಲ. ಎತ್ತಿದ್ದು ಕಣ್ಣು ಮಾತ್ರ. ಯಮುನಾ ಮುಖವನ್ನು ಆಚೆ ತಿರುಗಿಸಿ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಮುದುಡಿ ಕುಳಿತಿದ್ದಳು. ಆರತಿ ಎಂಬ ಮಾತು ಕೇಳಿದ ಕೂಡಲೆ ಒಳಕೋಣೆಗೆ ಹೋಗಿ ನಿಲ್ಲುವುದು ಐದು ವರ್ಷದಿಂದ ಅವಳಿಗೆ ರೂಢಿ. ಕುದುರೆಯ ಮೇಲೆ ಒಳಕೋಣೆ ಇರಲಿಲ್ಲ.

ದೀಪ ಒಂದು ಸುತ್ತು ತಿರುಗಿತು. ಕುದುರೆ ತೃಪ್ತಿಯಿಂದ ತಲೆಯಾಡಿಸಿ, ಕೊರಳ ಗೆಜ್ಜೆ ಕುಣಿಸುತ್ತ ನಡೆದೇಬಿಟ್ಟಿತು. ಮಾಶಾಕ ನಗುತ್ತ ಅದರ ಜೊತೆಗೆ ಓಡಿದ. ರಾಯರು ಉಸ್ಸೆಂದು ಶಲ್ಯ ಹೆಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ಹೋದವರು ಹಿಂದಿರುಗಿ ನೋಡಿದರು. ಹೆಂಡತಿ ನಿಂತಲ್ಲೇ ನಿಂತಿದ್ದಳು. ಕೈಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು.

"ಮಾಶಾಕ, ಕುದ್ರಿ ನಿಂದರಸು."

"ಇನ್ಯಾಕ್ರಿ ಬಾಯಾರ? ಅದರ ಆರತಿ ಆತಲ್ರಿ."

"ಅದರದು ಆತು." ಜಾನಕೀಬಾಯಿ ದೀಪಕ್ಕೆ ಅಂಗೈ ಅಡ್ಡ ಹಿಡಿದು ಏರು ಹತ್ತಿ ಬಂದಳು. ತಾಟನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದಳು. "ಯಮುನಾ, ಸೆರಗು ಸರಿಸು."