ಆಕಾಶದಲ್ಲೊಂದು ಪ್ಲಗ್

"ಆ ಪ್ಲಗ್ ತೆಗೆ ಮಗಾ, ಸಿಡಿಲು ಬರ್ತಾ ಉಂಟು!" ಸೇಸಮ್ಮ ಮಗಳು ತೃಪ್ತಿಯ ತೋಳನ್ನು ಗಟ್ಟಿಯಾಗಿ ಹಿಡಿದರು.

ಮೋಡ ಸರಿಯದೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಹಾಗಿರಲಿಲ್ಲ. ವಿಮಾನ ಮೂಡುಬಿದಿರೆಯ ಮೇಲೆ ಗಿರಕಿ ಹೊಡೆಯುತ್ತಿತ್ತು. ತೃಪ್ತಿಯ ಮೊಬೈಲ್ ಮುಂದಿನ ಸೀಟಿನ ಸಾಕೆಟ್ಟಿನಲ್ಲಿ ಚಾರ್ಜ್ ಆಗುತ್ತಿತ್ತು. ಮಡಂತ್ಯಾರಿನ ಮನೆಯಲ್ಲಾದರೆ ಮೊದಲ ಗುಡುಗಿಗೇ ಟಿವಿ, ಫ್ರಿಜ್, ಮಿಕ್ಸಿ ಎಲ್ಲದರ ಪ್ಲಗ್ ಕಿತ್ತು ನೆಮ್ಮದಿಯಾಗಿ ಕೂರುವ ಹೆಂಗಸು ಸೇಸಮ್ಮ. ಇಲ್ಲಿ ಕೀಳಲು ಸಿಕ್ಕಿದ್ದು ಇದೊಂದೇ.

ತೃಪ್ತಿಗೆ ನಗು ಬಂತು. ಏಳು ತಿಂಗಳ ಬಸುರಿ, ಸೀಮಂತಕ್ಕೆಂದು ಕರೆಯಲು ಬಂದಿದ್ದ ಅಮ್ಮನೊಟ್ಟಿಗೆ ಶಾರ್ಜಾದಿಂದ ಊರಿಗೆ ಬರುತ್ತಿದ್ದಳು. ಹೆರಿಗೆ ಮಾತ್ರ ಮತ್ತೆ ಅಲ್ಲೇ. ಬಾಣಂತನಕ್ಕೆ ಅಮ್ಮ ಮತ್ತೆ ವಿಮಾನ ಹತ್ತಲೇಬೇಕು; ಹತ್ತದಿದ್ದರೆ ಏನು ಗತಿ ಎಂದು ಅವಳಿಗೆ ಆಗಲೇ ಚಿಂತೆ.

"ಹೆದರ್ಬೇಡ ಅಮ್ಮ. ಸಿಡಿಲು ಹೊಡೆದ್ರೂ ವಿಮಾನದ ಹೊರಮೈಯಲ್ಲೇ ಹರಿದು ಹೋಗ್ತದೆ."

"ಒಳಗಿನ ವಯರುಗಳು?"

"ಅದನ್ನು ಪರೀಕ್ಷೆ ಮಾಡುವುದೇ ಅಲ್ವಾ ನನ್ನ ಕೆಲಸ? ಮೇಲೆ ಹೋದಷ್ಟೂ ಗಾಳಿ ತೆಳು. ಆಗ ಕರೆಂಟು ವಯರು ಬಿಟ್ಟು ಹೊರಗೆ ಹಾರ್ಲಿಕ್ಕೆ ನೋಡ್ತದೆ. ನಾವು ವಯರನ್ನು ಡಬ್ಬದೊಳಗಿಟ್ಟು, ಒಳಗಿನ ಗಾಳಿ ಹೊರಗೆಳೆದು, ಕಿಡಿ ಹಾರ್ತದಾ ನೋಡ್ತೇವೆ. ಪಾಸಾದ್ದು ಮಾತ್ರ ವಿಮಾನಕ್ಕೆ."

"ಈ ವಿಮಾನದ್ದನ್ನು ನೀನೇ ನೋಡಿದ್ದಾ?"

ಹೌದು ಎಂದುಬಿಡಬಹುದಿತ್ತು. ಆದರೆ ಅಮ್ಮನೆದುರು ತೃಪ್ತಿಯ ಸುಳ್ಳು ಯಾವತ್ತೂ ನಿಂತದ್ದಿಲ್ಲ.

"ನಾನಲ್ಲ. ನನ್ನ ಹಾಗಿನವರು ಯಾರೋ."

"ಯಾರೋ! ಯಾರನ್ನೋ ನಂಬಿ ಜೀವ ಕೊಡ್ಲಿಕ್ಕೆ ನನಗೇನು ಮರ್ಲಾ, ಹುಚ್ಚಾ? ಇದೇ ಕೊನೆ ಮಾರಾಯ್ತಿ. ಬಾಣಂತನಕ್ಕೆ ಬೇರೆ ಜನ ನೋಡು."

ತೃಪ್ತಿ ಬಾಯಿ ತೆರೆಯುವಷ್ಟರಲ್ಲಿ ಕಿಟಕಿ ಬೆಳ್ಳಗಾಯಿತು. ರೆಕ್ಕೆಗೆ ಸಿಡಿಲು ಬಡಿದು ವಿಮಾನವಿಡೀ ಢಮ್ಮೆಂದಿತು. ಹಿಂದೆ ಯಾರೋ ಕಿರುಚಿದರು. ಮತ್ತೆ ಎಲ್ಲ ಮೊದಲಿನಂತೆಯೇ. ಒಂದು ದೀಪವೂ ಮಿಣುಕಲಿಲ್ಲ.

ತೃಪ್ತಿ ಬಿಗಿದ ಕಣ್ಣು ತೆರೆದಾಗ ಅಮ್ಮ ಅವಳ ಕೈಯನ್ನೇ ನೋಡುತ್ತಿದ್ದರು. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ಕಿತ್ತ ಚಾರ್ಜರ್. ಯಾವಾಗ ಕಿತ್ತಳೋ ಅವಳಿಗೇ ಗೊತ್ತಿಲ್ಲ. ಕೆಲಸ ಶಾರ್ಜಾದ್ದಾದರೇನು, ಕೈ ಮಡಂತ್ಯಾರಿನದೇ. ನಾಚಿ ಅವಳು ಚಾರ್ಜರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಸೇಸಮ್ಮ ನಗಲಿಲ್ಲ. ಮಗಳ ಬೆರಳು ಬಿಡಿಸಿ ಚಾರ್ಜರ್ ತೆಗೆದುಕೊಂಡರು, ವಯರು ಸುತ್ತಿ ತಮ್ಮ ಚೀಲಕ್ಕೆ ಹಾಕಿದರು.

"ಹೋಗುವಾಗ ನನಗೂ ಟಿಕೆಟ್ ಮಾಡು," ಎಂದರು. "ಅಲ್ಲಿ ಸಿಡಿಲು ಬಂದರೆ ನೀನು ಮಗುವನ್ನು ಹಿಡ್ಕೊ, ಪ್ಲಗ್ ನಾನು ತೆಗೀತೇನೆ."